ಸಹಿ ಹಾಕದ ಮಸೂದೆಯ ಗತಿ

ಅಮೆರಿಕದ ಅಧ್ಯಕ್ಷರು ಮಸೂದೆಯೊಂದಕ್ಕೆ ಸಹಿಯನ್ನೂ ಹಾಕದೆ, ತಿರಸ್ಕರಿಸಿ ಹಿಂದಿರುಗಿಸದೆ ಸುಮ್ಮನಿದ್ದುಬಿಟ್ಟರೆ ಅದು ಅಲ್ಲಿಗೇ ಬಿದ್ದುಹೋಗುತ್ತದೆಯೇ ಎಂದು ನೀವು ಕೇಳಿದ್ದೀರಿ. ಸಾಮಾನ್ಯವಾಗಿ ಬಿದ್ದುಹೋಗುವುದಿಲ್ಲ. ಅಲ್ಲಿನ ಸಂವಿಧಾನದ ಒಂದನೆಯ ವಿಧಿಯ ಏಳನೆಯ ಪರಿಚ್ಛೇದದಂತೆ, ಮಸೂದೆ ಅಧ್ಯಕ್ಷರ ಕೈಸೇರಿದ ಮೇಲೆ ಭಾನುವಾರಗಳನ್ನು ಬಿಟ್ಟು ಹತ್ತು ದಿನಗಳೊಳಗೆ ಅವರು ಅದನ್ನು ಹಿಂದಿರುಗಿಸದಿದ್ದರೆ, ಸಹಿ ಇಲ್ಲದೆಯೇ ಅದು ಕಾನೂನಾಗುತ್ತದೆ. ಆದರೆ ಆ ಅವಧಿಯೊಳಗೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಅಧಿವೇಶನ ಮುಗಿದು, ಮಸೂದೆಯನ್ನು ಹಿಂದಿರುಗಿಸಲು ಸಾಧ್ಯವಾಗದಿದ್ದರೆ ಮಾತ್ರ ಅದು ರದ್ದಾಗುತ್ತದೆ. ಜೇಬಿನಲ್ಲೇ ಇಟ್ಟುಕೊಂಡು ಮುಗಿಸಿದಂತೆ ಎಂಬ ಅರ್ಥದಲ್ಲಿ ಇದನ್ನು ಪಾಕೆಟ್ ವೀಟೊ ಎನ್ನುತ್ತಾರೆ. ಅಧ್ಯಕ್ಷರಿಗೆ ಇದೇ ಹೆಚ್ಚು ಅನುಕೂಲ, ಏಕೆಂದರೆ ಇದನ್ನು ಮತದಿಂದ ತಳ್ಳಿಹಾಕಲು ಬರುವುದಿಲ್ಲ.

ಆಕ್ಷೇಪಣೆಗಳೊಡನೆ ಹಿಂದಿರುಗಿಸುವ ವೀಟೊ ಹಾಗಲ್ಲ. ಎರಡೂ ಸದನಗಳಲ್ಲಿ ಮತ ಚಲಾಯಿಸಿದವರ ಪೈಕಿ ಮೂರನೆಯ ಎರಡರಷ್ಟು ಮಂದಿ ಮಸೂದೆಯ ಪರವಾಗಿ ನಿಂತರೆ ಅಧ್ಯಕ್ಷರ ಮಾತು ನಡೆಯುವುದಿಲ್ಲ. ಯುದ್ಧಕ್ಕೆ ಸೇನೆ ಕಳುಹಿಸುವ ಅಧ್ಯಕ್ಷರ ಅಧಿಕಾರಕ್ಕೆ ಮಿತಿ ಹಾಕಿದ ಗೊತ್ತುವಳಿಗೆ ಅಂದಿನ ಅಧ್ಯಕ್ಷ ನಿಕ್ಸನ್ ವೀಟೊ ಹಾಕಿದಾಗ, 1973ರ ನವೆಂಬರ್ 7ರಂದು ಸೆನೆಟ್ 75-18ರಿಂದಲೂ ಪ್ರತಿನಿಧಿ ಸಭೆ 284-135ರಿಂದಲೂ ಆ ವೀಟೊವನ್ನು ತಳ್ಳಿಹಾಕಿದವು. ಪ್ರತಿನಿಧಿ ಸಭೆಯಲ್ಲಿ ಅಂದು ಬೇಕಿದ್ದದ್ದು 280. ಐದು ಮಂದಿ ಆಚೆ ವಾಲಿದ್ದರೂ ನಿಕ್ಸನ್ ಗೆಲ್ಲುತ್ತಿದ್ದರು.

ಮಸೂದೆಯಲ್ಲಿ ಬೇಡವಾದ ಬಾಬತ್ತನ್ನಷ್ಟೇ ಹೊಡೆದುಹಾಕುವ ಅಧಿಕಾರವನ್ನು ಕಾಂಗ್ರೆಸ್ಸು 1996ರಲ್ಲಿ ಅಧ್ಯಕ್ಷರಿಗೆ ಕೊಟ್ಟಿತ್ತಾದರೂ, 1998ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಹೀಗಾಗಿ ಇಂದಿಗೂ ಮಸೂದೆಯನ್ನು ಇಡಿಯಾಗಿ ಒಪ್ಪಬೇಕು, ಇಲ್ಲವೇ ಇಡಿಯಾಗಿ ತಿರಸ್ಕರಿಸಬೇಕು.