ಲಾರ್ಡ್ ಕ್ಯಾಮ್ಡೆನ್ ಯಾರು? ಅವರನ್ನು ಇಂದಿಗೂ ಏಕೆ ನೆನೆಯುತ್ತಾರೆ?

ಮೂಲ ಹೆಸರು ಚಾರ್ಲ್ಸ್ ಪ್ರ್ಯಾಟ್ (1714–1794). ಇಂಗ್ಲೆಂಡಿನ ವಕೀಲರು, ಪಾರ್ಲಿಮೆಂಟ್ ಸದಸ್ಯರು. 1766ರಿಂದ 1770ರವರೆಗೆ ಲಾರ್ಡ್ ಚಾನ್ಸಲರ್, ಅಂದರೆ ಆಗಿನ ನ್ಯಾಯಾಂಗದ ಅತ್ಯುನ್ನತ ಪದವಿಯಲ್ಲಿದ್ದವರು. ಆದರೆ ನನ್ನ ಮಟ್ಟಿಗೆ ಈ ಪದವಿಗಳಿಗಿಂತ ದೊಡ್ಡದು, ನ್ಯಾಯಾಧೀಶರಾಗಿದ್ದಾಗ 1765ರಲ್ಲಿ ಅವರು ಕೊಟ್ಟ ಒಂದು ತೀರ್ಪು.

1762ರ ನವೆಂಬರಿನಲ್ಲಿ ರಾಜನ ಆಳುಗಳು ಜಾನ್ ಎಂಟಿಕ್ ಎಂಬ ಬರಹಗಾರನ ಮನೆಗೆ ನುಗ್ಗಿದರು. ನಾಲ್ಕು ಗಂಟೆ ಕಾಲ ಪೆಟ್ಟಿಗೆಗಳ ಬೀಗ ಒಡೆದು, ಒಂದೊಂದೂ ಕೋಣೆ ಜಾಲಾಡಿ, ಅವನ ಖಾಸಗಿ ಕಾಗದಪತ್ರಗಳನ್ನು ಹೊತ್ತೊಯ್ದರು. ಕೈಯಲ್ಲಿದ್ದದ್ದು ಮಂತ್ರಿಯೊಬ್ಬರ ವಾರಂಟ್ ಅಷ್ಟೇ. ಎಂಟಿಕ್ ಕೋರ್ಟಿಗೆ ಹೋದ. “ಇದು ಕಾನೂನಾಗಿದ್ದರೆ ನಮ್ಮ ಪುಸ್ತಕಗಳಲ್ಲಿ ಸಿಗುತ್ತದೆ, ಅಲ್ಲಿ ಸಿಗದಿದ್ದರೆ ಅದು ಕಾನೂನೇ ಅಲ್ಲ” ಎಂದರು ಕ್ಯಾಮ್ಡೆನ್. ಸರ್ಕಾರದ ಅಧಿಕಾರಿಗೂ ಕಾನೂನಿನ ಆಧಾರ ಬೇಕೇ ಬೇಕು ಎಂದು ಇಷ್ಟು ನೇರವಾಗಿ ಹೇಳಿದವರು ವಿರಳ.

ಅಮೆರಿಕದ ವಸಾಹತುಗಳ ಮೇಲೆ, ಪಾರ್ಲಿಮೆಂಟಿನಲ್ಲಿ ಅಲ್ಲಿನವರ ಪ್ರತಿನಿಧಿಗಳಿಲ್ಲದೆ ತೆರಿಗೆ ಹೇರುವುದನ್ನೂ ಅವರು ವಿರೋಧಿಸಿದರು. ನ್ಯೂಜೆರ್ಸಿಯ ಕ್ಯಾಮ್ಡೆನ್ ನಗರಕ್ಕೆ ಅವರದೇ ಹೆಸರು.