ಪ್ರತಿ: ಎಂಟನೇ ಕ್ಲಾಸಿನ ಚೀನೀ ಹುಡುಗನಿಗೆ ಪ್ಯಾಸೇಜ್ ಗ್ರಾಮರ್

ನೀವು ಇಂಗ್ಲಿಷ್ ಹೇಳಿಕೊಡುವ ಚೀನೀ ಹುಡುಗ ಗ್ರಾಮರ್ ನಿಯಮ ಬಾಯಿಪಾಠ ಇದ್ದೂ ಪ್ಯಾಸೇಜಿನ ಖಾಲಿ ಜಾಗ ತುಂಬುವಾಗ ಮಾತ್ರ ತಪ್ಪುತ್ತಾನೆ ಅಂದಿರಲ್ಲ, ಬಹುಶಃ ಅವನು ಖಾಲಿ ಜಾಗ ಇರುವ ಆ ಒಂದು ಸಾಲನ್ನಷ್ಟೇ ಓದುತ್ತಿದ್ದಾನೆ. ಚೀನೀ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ನಿನ್ನೆ ಹೋಗಿದ್ದಕ್ಕೂ ನಾಳೆ ಹೋಗುವುದಕ್ಕೂ 'ಛ್ಯು' ಒಂದೇ, ಹಾಗಾಗಿ 'ವೆಂಟ್' ಇರಬೇಕಾದ ಕಡೆ 'ಗೋ' ಬರೆದರೂ ಅವನಿಗೆ ಏನೂ ಅನ್ನಿಸುವುದಿಲ್ಲ. ಮೊದಲು ಪೆನ್ ಕೆಳಗಿಡಿಸಿ ಪ್ಯಾಸೇಜ್ ಪೂರ್ತಿ ಓದಿಸಿ. ಆಮೇಲೆ 'ಯೆಸ್ಟರ್‌ಡೇ', 'ಸಿನ್ಸ್' ಥರ ಕಾಲದ ಸುಳಿವು ಕೊಡುವ ಪದಗಳಿಗೆ ಗೆರೆ ಎಳೆಸಿ. ಕೊನೆಗೆ ತುಂಬಲಿ, ಒಂದೊಂದಕ್ಕೂ ಸುಳಿವು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲಿ. 'ಎ', 'ದಿ' ಈಗಲೇ ಹಿಡಿದು ಕೂರಬೇಡಿ, ಅವನ ಭಾಷೆಯಲ್ಲಿ ಅವೇ ಇಲ್ಲ (ನಮ್ಮದರಲ್ಲೂ ಇಲ್ಲ ಅಲ್ವಾ), ಜಾಸ್ತಿ ದಿನ ಹಿಡಿಯುತ್ತದೆ. ಒಂಬತ್ತನೇ ಕ್ಲಾಸಿನ ಕೊನೆಗೆ ಬರೆಯುವ ಝೊಂಗ್‌ಖಾವ್ (ಹೈಸ್ಕೂಲ್ ಪ್ರವೇಶ ಪರೀಕ್ಷೆ) ಪೇಪರ್ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ ಇರುತ್ತದೆ, ಅವನ ಪ್ರಾಂತ್ಯದ ಹಳೇ ಪೇಪರನ್ನೇ ತರಿಸಿಕೊಳ್ಳಿ.