ವಾಹನ ಪ್ರಶ್ನೋತ್ತರ: ಸ್ಪ್ರಿಂಗ್ ಮೊದಲೋ, ಕ್ಲಚ್ ಮೊದಲೋ?

ಪ್ರಶ್ನೆ: ನನ್ನದು ಪೋಲೊ 1.0 ಟಿಎಸ್‌ಐ ಮ್ಯಾನುಯಲ್, ಇಂಜಿನ್ ರೀಮ್ಯಾಪ್ ಆಗಿದೆ (ಬಲ ಹೆಚ್ಚಿಸಲು ಅದರ ಸಾಫ್ಟ್‌ವೇರ್ ಬದಲಿಸಿದೆ). ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ನಿತ್ಯ ಓಡಾಟ, ಆಗಾಗ ಸಂಪಾಜೆ ಘಾಟಿ. 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಲೇ? ಕ್ಲಚ್ ಬದಲಿಸಬೇಕೇ? ಎಲ್‌ಎಸ್‌ಡಿ (ಒಂದು ಚಕ್ರ ಜಾರಿದಾಗ ಇನ್ನೊಂದಕ್ಕೂ ಬಲ ಕಳಿಸುವ ಡಿಫರೆನ್ಶಿಯಲ್) ಬೇಕೇ?
– ಓದುಗರು, ಮುಳ್ಳೇರಿಯ

ಉತ್ತರ: 40 ಮಿ.ಮೀ. ಖಂಡಿತ ಬೇಡ. ಕಂಪನಿಯ ಶಾಕ್ ಅಬ್ಸಾರ್ಬರ್ ಉಳಿಸಿಕೊಂಡು ಅಷ್ಟು ತಗ್ಗಿಸಿದರೆ, ಹೊಂಡಕ್ಕೆ ಇಳಿದಾಗಲೆಲ್ಲ ಅದು ಬಂಪ್ ಸ್ಟಾಪ್‌ಗೆ (ಶಾಕ್‌ನ ಚಲನೆ ಮುಗಿಯುವಲ್ಲಿರುವ ತಡೆಗೆ) ಬಡಿಯುತ್ತದೆ. ತಿರುವಿನ ನಡುವೆ ಹೀಗಾದರೆ ಆ ಚಕ್ರದ ಹಿಡಿತ ಥಟ್ಟನೆ ತಪ್ಪುತ್ತದೆ. ಮಳೆಗಾಲದಲ್ಲಿ ಇದು ನಿಜಕ್ಕೂ ಅಪಾಯ. 20–25 ಮಿ.ಮೀ. ಸಾಕು, ಅದಕ್ಕೆ ಹೊಂದುವ ಶಾಕ್ ಜೊತೆಯಲ್ಲೇ ಇರಲಿ. ಸ್ಟ್ರಟ್ ಮೌಂಟ್ (ಶಾಕ್‌ನ ಮೇಲ್ತುದಿಯ ಆಧಾರ), ಅದರ ಬೇರಿಂಗ್, ಬಂಪ್ ಸ್ಟಾಪ್ ಹೊಸದು ಹಾಕಿಸಿ. ಚಕ್ರವನ್ನು ಹಿಡಿದಿಡುವ ಕಂಟ್ರೋಲ್ ಆರ್ಮ್‌ನ ಬುಶ್‌ನ (ಕೀಲಿನ ರಬ್ಬರಿನ) ಬೋಲ್ಟನ್ನು ಕೊನೆಯದಾಗಿ ಬಿಗಿಯಬೇಕಾದದ್ದು ಕಾರಿನ ಭಾರ ಚಕ್ರಗಳ ಮೇಲೆ ಕುಳಿತ ಮೇಲೆ. ಜಾಕ್ ಮೇಲಿರುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇದನ್ನು ಅನೇಕ ಗ್ಯಾರೇಜುಗಳು ಮರೆಯುತ್ತವೆ, ನಿಂತು ನೋಡಿ. ಆಮೇಲೆ ಅಲೈನ್‌ಮೆಂಟ್.

ರೀಮ್ಯಾಪ್‌ನಿಂದ ಇಂಜಿನ್ ಬಲ ಹೆಚ್ಚಿದಾಗ ಕ್ಲಚ್ ಜಾರಬಹುದು. ಅದರ ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ, ವೇಗದ ಮಿತಿಯೊಳಗೆ, 4ನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಹಾರಿದರೆ ಕ್ಲಚ್ ಜಾರುತ್ತಿದೆ. ಆಗ ಗಟ್ಟಿ ಪ್ರೆಶರ್ ಪ್ಲೇಟ್ (ಕ್ಲಚ್ ಡಿಸ್ಕನ್ನು ಒತ್ತಿ ಹಿಡಿಯುವ ತಟ್ಟೆ), ಆರ್ಗ್ಯಾನಿಕ್ ಡಿಸ್ಕ್ (ಮೃದುವಾಗಿ ಹಿಡಿಯುವ ಸಾಮಾನ್ಯ ಬಗೆ), ರಿಲೀಸ್ ಬೇರಿಂಗ್ ಒಟ್ಟಿಗೆ ಬದಲಿಸಿ. ಮೊದಲ 800 ಕಿ.ಮೀ. ಮೃದುವಾಗಿ ಓಡಿಸಿ. ಸೆರಾಮಿಕ್ ಡಿಸ್ಕ್ ಪೇಟೆಯ ಟ್ರಾಫಿಕ್‌ನಲ್ಲಿ ಜಗ್ಗುತ್ತದೆ.

ಎಲ್‌ಎಸ್‌ಡಿಗೆ ಗೇರ್‌ಬಾಕ್ಸ್ ಬಿಚ್ಚಬೇಕು. ಆ ಹಣ ಮೊದಲು ಒಳ್ಳೆಯ ಟಯರಿಗೆ ಹೋಗಲಿ.